ಟ್ರಿಪ್ ಫೋಟೋ ಹಂಚುವುದು ಹೇಗೆ? ಮಸುಕಾಗದಂತೆ, ಆಮೇಲೆ ಪೇಚಾಡದಂತೆ

ದಸರಾ ರಜೆ, ಬೇಸಿಗೆ ರಜೆ ಮುಗಿಯುತ್ತಿದ್ದಂತೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. "ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಯಾಕೆ ಮಸುಕಾಗುತ್ತದೆ?" "ಮುನ್ನೂರು ಫೋಟೋ ಇವೆ, ಅಮೆರಿಕದಲ್ಲಿರುವ ಅಕ್ಕನಿಗೆ ಹೇಗೆ ಕಳಿಸಲಿ?" "ಮಗುವಿನ ಫೋಟೋ ಸ್ಟೇಟಸ್‌ಗೆ ಹಾಕಬಹುದಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ, ಮಾಡಬೇಕಾದ ಕ್ರಮದಲ್ಲೇ ಇಟ್ಟಿದ್ದೇನೆ.

ಕ್ರಮ ಅಂತ ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಬಹಳ ಜನ ಕೊನೆಯ ಹಂತದಿಂದ ಶುರು ಮಾಡುತ್ತಾರೆ. ಗಾಡಿ ಇನ್ನೂ ಘಾಟಿ ಇಳಿದಿರುವುದಿಲ್ಲ, ಆಗಲೇ ಫ್ಯಾಮಿಲಿ ಗ್ರೂಪ್‌ಗೆ 140 ಫೋಟೋ ಸುರಿದಾಗಿರುತ್ತದೆ. ಮನೆಗೆ ಬಂದ ಮೇಲೆ ಫೋನಿನಲ್ಲಿ ಜಾಗ ಇಲ್ಲ ಅಂತ ಮೂಲ ಫೋಟೋಗಳನ್ನೇ ಅಳಿಸುತ್ತಾರೆ. ವರ್ಷ ಕಳೆದು ಒಂದು ಫೋಟೋಗೆ ಫ್ರೇಮ್ ಹಾಕಿಸೋಣ ಅನ್ನುವಾಗ ಕೈಯಲ್ಲಿ ಉಳಿದಿರುವುದು ಗ್ರೂಪ್‌ನಲ್ಲಿ ಸಿಕ್ಕ ಮಸುಕು ಪ್ರತಿ ಮಾತ್ರ.

ಬೇಕಾಗುವುದು ಇಷ್ಟೇ

ನಿಮ್ಮ ಫೋನು. ಮನೆಯ ವೈ-ಫೈ. ಒಂದು ಗೂಗಲ್ ಅಥವಾ ಐಕ್ಲೌಡ್ ಖಾತೆ. ಸಾಧ್ಯವಾದರೆ ಒಂದು ಹಾರ್ಡ್ ಡಿಸ್ಕ್. ಜೊತೆಗೆ ಒಂದು ಭಾನುವಾರದ ಮಧ್ಯಾಹ್ನ, ಊಟ ಆದ ಮೇಲೆ ಎರಡು ಗಂಟೆ. ದುಡ್ಡು ಕೊಟ್ಟು ಯಾವ ಆಪ್ ಕೊಳ್ಳುವುದೂ ಬೇಡ.

1. ಯಾರಿಗೆ ಅಂತ ಮೊದಲು ತೀರ್ಮಾನಿಸಿ

ಒಂದು ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ. ಮೊದಲನೆಯದು: ಟ್ರಿಪ್‌ಗೆ ಬಂದವರು ಮತ್ತು ಮನೆಯವರು. ಇವರಿಗೆ ಒಳ್ಳೆಯ ಗುಣಮಟ್ಟದ ಫೋಟೋ ಬೇಕು, ಜಾಸ್ತಿ ಬೇಕು. ಎರಡನೆಯದು: ನೆಂಟರು, ಸ್ನೇಹಿತರು, ಆಫೀಸಿನವರು. ಇವರಿಗೆ ಹತ್ತು-ಹದಿನೈದು ಸಾಕು, ಅವರು ನೋಡುವುದೂ ಅಷ್ಟೇ. ಮೂರನೆಯದು: ಊರಿಗೆಲ್ಲ, ಅಂದರೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್. ಇಲ್ಲಿ ಗುರುತು ಪರಿಚಯ ಇಲ್ಲದವರೂ ನೋಡುತ್ತಾರೆ.

ಮುಂದಿನ ಎಲ್ಲ ಹಂತಗಳೂ ಈ ಮೂರು ಗೆರೆಯ ಮೇಲೇ ನಿಂತಿವೆ. ಅಜ್ಜಿ ತೊರೆಯಲ್ಲಿ ಕಾಲು ಇಳಿಬಿಟ್ಟು ಕುಳಿತ ಫೋಟೋ ಮೊದಲ ಗೆರೆಗೆ ಸೇರಿದ್ದು. ಅದೇ ತೊರೆಯ ಮೇಲೆ ಮಂಜು ಕವಿದ ಫೋಟೋ ಮೂರನೆಯದಕ್ಕೂ ಸಲ್ಲುತ್ತದೆ.

2. ಹಂಚುವ ಮುಂಚೆ ಮೂಲವನ್ನು ಭದ್ರ ಮಾಡಿ

ಬ್ಯಾಕಪ್ ಅಂದರೆ ಫೋಟೋದ ಇನ್ನೊಂದು ಪ್ರತಿಯನ್ನು ಬೇರೆ ಜಾಗದಲ್ಲಿ ಇಡುವುದು. ಈ ಕೆಲಸದವರು ಹೇಳುವ ಲೆಕ್ಕ 3-2-1: ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯಿಂದ ಆಚೆ. ಫೋನಿನಲ್ಲೊಂದು, ಹಾರ್ಡ್ ಡಿಸ್ಕ್‌ನಲ್ಲೊಂದು, ಕ್ಲೌಡ್‌ನಲ್ಲೊಂದು ಇದ್ದರೆ ಲೆಕ್ಕ ಸರಿಹೋಯಿತು. ಕ್ಲೌಡ್ ಅಂದರೆ ಗೂಗಲ್, ಆಪಲ್‌ನಂಥ ಕಂಪನಿಗಳ ಕಂಪ್ಯೂಟರಿನಲ್ಲಿ ನಿಮಗೆ ಸಿಗುವ ಜಾಗ. ಪೆನ್‌ಡ್ರೈವ್ ಸಾಗಿಸಲು ಸರಿ. ವರ್ಷಗಟ್ಟಲೆ ಬೀರುವಿನಲ್ಲಿ ಇಡುವ ವಸ್ತು ಅಂತ ಅದನ್ನು ನಂಬಬೇಡಿ.

ಗೂಗಲ್ ಫೋಟೋಸ್ ಒಂದು ಕಾಲದಲ್ಲಿ ಲೆಕ್ಕವಿಲ್ಲದಷ್ಟು ಫೋಟೋ ಪುಕ್ಕಟೆ ಇಟ್ಟುಕೊಳ್ಳುತ್ತಿತ್ತು. 2021ರ ಜೂನ್ 1ರಿಂದ ಅದು ನಿಂತಿದೆ. ಈಗ ಪುಕ್ಕಟೆ ಸಿಗುವುದು 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಒಂದು ಫೋಟೋ 4 ಎಂಬಿ ಅಂತ ಹಿಡಿದರೂ ಸುಮಾರು 3,800 ಫೋಟೋಗೆ ಡಬ್ಬ ತುಂಬುತ್ತದೆ. ವಿಡಿಯೋ ಇದ್ದರೆ ಇನ್ನೂ ಬೇಗ. ಆಪಲ್‌ನ ಐಕ್ಲೌಡ್‌ನಲ್ಲಿ ಪುಕ್ಕಟೆ ಬರೀ 5 ಜಿಬಿ.

ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಎರಡು ಆಯ್ಕೆ ಕಾಣುತ್ತವೆ. 'ಒರಿಜಿನಲ್ ಕ್ವಾಲಿಟಿ' ಅಂದರೆ ಇದ್ದದ್ದು ಇದ್ದ ಹಾಗೆ. 'ಸ್ಟೋರೇಜ್ ಸೇವರ್' ಅಂದರೆ ಒತ್ತಿ ಚಿಕ್ಕದು ಮಾಡಿದ್ದು, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋವನ್ನು ಅಷ್ಟಕ್ಕೆ ಇಳಿಸುತ್ತದೆ. ಸಾಮಾನ್ಯ ಮನೆಯ ಫೋಟೋಗೆ ಎರಡನೆಯದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಕ್ಕಿ ಫೋಟೋ ತೆಗೆಯುವವರು, ಗರಿಗರಿಯನ್ನೂ ಎಣಿಸಬೇಕು ಅನ್ನುವವರು ಮೊದಲನೆಯದಕ್ಕೆ ಹೋಗಿ.

ಜನ ಅತಿ ಹೆಚ್ಚು ಎಡವುವ ಜಾಗ ಇದು: ಬ್ಯಾಕಪ್ ಆಗಿದೆಯಲ್ಲ ಅಂತ ಗೂಗಲ್ ಫೋಟೋಸ್ ಆಪ್ ಒಳಗೇ ಫೋಟೋ ಆರಿಸಿ 'ಡಿಲೀಟ್' ಒತ್ತುತ್ತಾರೆ. ಆಗ ಫೋನಿನಲ್ಲಿದ್ದದ್ದೂ ಹೋಗುತ್ತದೆ, ಕ್ಲೌಡ್‌ನಲ್ಲಿದ್ದದ್ದೂ ಹೋಗುತ್ತದೆ. ಫೋನಿನಲ್ಲಿ ಜಾಗ ಖಾಲಿ ಮಾಡಬೇಕಿದ್ದರೆ ಅದಕ್ಕೆಂದೇ ಇರುವ 'ಫ್ರೀ ಅಪ್ ಸ್ಪೇಸ್' ಒತ್ತಿ. ಅದು ಬ್ಯಾಕಪ್ ಆಗಿರುವ ಫೋಟೋಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ತಪ್ಪಿ ಡಿಲೀಟ್ ಮಾಡಿದ್ದರೆ ಗಾಬರಿ ಬೇಡ. ಬ್ಯಾಕಪ್ ಆಗಿದ್ದ ಫೋಟೋ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟರೊಳಗೆ ವಾಪಸ್ ತೆಗೆದುಕೊಳ್ಳಿ.

ಹಾಗೇ ಇನ್ನೊಂದು ವಿಷಯ. ಎರಡು ವರ್ಷ ಯಾರೂ ತೆರೆಯದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತೀರಿಕೊಂಡ ಅಪ್ಪನ ಖಾತೆಯಲ್ಲೋ, ಫೋನು ಬದಲಿಸಿದ ಅಮ್ಮನ ಹಳೇ ಖಾತೆಯಲ್ಲೋ ಫೋಟೋಗಳು ಇದ್ದರೆ ಇವತ್ತೇ ಒಮ್ಮೆ ತೆರೆದು ಇಳಿಸಿಕೊಳ್ಳಿ.

3. ಆರಿಸಿ, ನಿರ್ದಾಕ್ಷಿಣ್ಯವಾಗಿ

ಒಂದೇ ಜಲಪಾತದ ಮುಂದೆ ಒಂದೇ ಕುಟುಂಬದ ಹನ್ನೊಂದು ಫೋಟೋ. ಒಂದರಲ್ಲಿ ಚಿಕ್ಕಪ್ಪ ಕಣ್ಣು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಮಗು ಬೇರೆ ಕಡೆ ನೋಡುತ್ತಿದೆ. ಹನ್ನೊಂದನ್ನೂ ಕಳಿಸಿದರೆ ನೋಡುವವರು ನಾಲ್ಕನೆಯದಕ್ಕೇ ಕೈಬಿಡುತ್ತಾರೆ.

ಮೊದಲ ಸುತ್ತಿನಲ್ಲಿ ಅಲುಗಿದ್ದು, ಕತ್ತಲಾದದ್ದು, ಜೇಬಿನೊಳಗೆ ತಾನಾಗಿ ತೆಗೆದುಕೊಂಡದ್ದನ್ನು ತೆಗೆಯಿರಿ. ಎರಡನೇ ಸುತ್ತಿನಲ್ಲಿ ಇಷ್ಟವಾದದ್ದಕ್ಕೆ ಹೃದಯ ಅಥವಾ ನಕ್ಷತ್ರದ ಗುರುತು ಒತ್ತುತ್ತಾ ಹೋಗಿ. ಮೂರು ದಿನದ ಟ್ರಿಪ್‌ಗೆ 40 ಫೋಟೋ ಉಳಿದರೆ ಸಾಕು. ಎಲ್ಲರ ಮುಖ ಒಮ್ಮೆಯಾದರೂ ಬಂದಿದೆಯಾ ನೋಡಿಕೊಳ್ಳಿ. ಕ್ಯಾಮೆರಾ ಹಿಡಿದವರು ಯಾವ ಫೋಟೋದಲ್ಲೂ ಇರುವುದಿಲ್ಲ, ಅವರದ್ದೊಂದು ಯಾರ ಫೋನಿನಲ್ಲಾದರೂ ಇದ್ದರೆ ಕೇಳಿ ತರಿಸಿ. ಅಡುಗೆ ಮನೆಯಲ್ಲಿ ಇದ್ದವರಿಗೂ ಇದೇ ಮಾತು.

4. ಫೋಟೋದ ಅಂಚು ನೋಡಿ, ಇರುವವರನ್ನು ಕೇಳಿ

ಫೋಟೋ ತೆಗೆದವರು ಮುಖ ನೋಡುತ್ತಾರೆ. ಹೊರಗಿನವರು ಹಿಂದೆ ಏನಿದೆ ಅಂತ ನೋಡುತ್ತಾರೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನಾಲ್ಕು ಮೂಲೆಗೂ ಹೋಗಿ ಬನ್ನಿ. ಕಾರಿನ ನಂಬರ್ ಪ್ಲೇಟ್, ಮನೆಯ ಬಾಗಿಲ ಮೇಲಿನ ಹೆಸರು, ಮೇಜಿನ ಮೇಲಿನ ಆಧಾರ್ ಪ್ರತಿ, ರೂಮಿನ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ಇವೆಲ್ಲ ಮೊದಲ ಗೆರೆಯೊಳಗೆ ಪರವಾಗಿಲ್ಲ, ಮೂರನೆಯದರಲ್ಲಿ ಬೇಡ.

ವಿಮಾನದ ಬೋರ್ಡಿಂಗ್ ಪಾಸ್ ಹಿಡಿದು ಫೋಟೋ ಹಾಕುವ ಚಾಳಿ ಇದೆಯಲ್ಲ, ಅದನ್ನು ಬಿಡಿ. ಪಾಸಿನ ಮೇಲಿನ ಬಾರ್‌ಕೋಡ್‌ನಲ್ಲಿ ಹೆಸರು, ಪಿಎನ್‌ಆರ್ ಎರಡೂ ಇರುತ್ತವೆ. ಆ ಎರಡು ಸಿಕ್ಕರೆ ಎಷ್ಟೋ ವಿಮಾನ ಕಂಪನಿಗಳ ಸೈಟಿನಲ್ಲಿ ನಿಮ್ಮ ಬುಕಿಂಗ್ ತೆರೆದು ನೋಡಬಹುದು.

ನಂಬರ್ ಮುಚ್ಚಬೇಕಿದ್ದರೆ ಫೋನಿನ ಹೈಲೈಟರ್ ಪೆನ್ ಬಳಸಬೇಡಿ. ಅದು ಅರೆಪಾರದರ್ಶಕ. ಕಪ್ಪು ಬಣ್ಣ ಬಳಿದರೂ ಯಾರಾದರೂ ಬೆಳಕು ಏರಿಸಿದರೆ ಒಳಗಿನ ಅಂಕಿ ಮೂಡಿ ಬರುತ್ತದೆ. ಆ ಭಾಗವನ್ನೇ ಕತ್ತರಿಸಿ ಬಿಡಿ, ಇಲ್ಲವೇ ಗಟ್ಟಿಯಾದ ಸ್ಟಿಕರ್ ಕೂರಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ.

ಇನ್ನು ಕೇಳುವ ವಿಷಯ. "ಈ ಫೋಟೋ ಸ್ಟೇಟಸ್‌ಗೆ ಹಾಕಲಾ?" ಅಂತ ಒಂದು ಮಾತು ಕೇಳಿದರೆ ಗಂಟೇನೂ ಹೋಗುವುದಿಲ್ಲ. ಈಜುಡುಗೆಯಲ್ಲಿದ್ದವರು, ಸುಸ್ತಾಗಿ ಬಾಯಿ ತೆರೆದು ಮಲಗಿದವರು, ಆಫೀಸಿಗೆ ಹುಷಾರಿಲ್ಲ ಅಂತ ರಜೆ ಹಾಕಿ ಬಂದವರು — ಇವರನ್ನು ತಪ್ಪದೇ ಕೇಳಿ. ಕೊನೆಯವರ ಕಷ್ಟ ನಗು ಬರಿಸುತ್ತದೆ, ಅವರಿಗೆ ಅದು ನಗುವ ವಿಷಯ ಆಗಿರುವುದಿಲ್ಲ.

5. ಫೋಟೋದೊಳಗೆ ಬಚ್ಚಿಟ್ಟ ವಿಳಾಸ

ಫೋನಿನಲ್ಲಿ ತೆಗೆದ ಪ್ರತಿ ಫೋಟೋದ ಫೈಲಿನೊಳಗೂ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತದೆ. ಇದಕ್ಕೆ ಎಕ್ಸಿಫ್ ಅನ್ನುತ್ತಾರೆ. ತೆಗೆದ ದಿನ, ಸಮಯ, ಫೋನಿನ ಮಾಡೆಲ್ ಮತ್ತು ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ-ರೇಖಾಂಶ ಅದರಲ್ಲಿ ಬರೆದಿರುತ್ತದೆ. ಆ ಅಂಕಿಯನ್ನು ಮ್ಯಾಪ್‌ಗೆ ಹಾಕಿದರೆ ಎಷ್ಟೋ ಸಲ ನೇರ ನಿಮ್ಮ ಮನೆ ಅಂಗಳಕ್ಕೇ ಕರೆದುಕೊಂಡು ಹೋಗುತ್ತದೆ.

ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಈ ಚೀಟಿಯಲ್ಲಿನ ಜಾಗದ ವಿವರ ಕಳಚಿಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ, ಚೀಟಿಯೂ ಜೊತೆಗೇ ಹೋಗುತ್ತದೆ. "ಕ್ಲಿಯರ್ ಆಗಿ ಬರಬೇಕಾ, ಡಾಕ್ಯುಮೆಂಟ್ ಆಗಿ ಕಳಿಸು" ಅನ್ನುವವರು ಈ ಅರ್ಧವನ್ನು ಹೇಳುವುದೇ ಇಲ್ಲ.

ಹಾಗಂತ ಲೊಕೇಶನ್ ಅನ್ನು ಯಾವಾಗಲೂ ಆಫ್ ಇಡಿ ಅಂತ ನಾನು ಹೇಳುವುದಿಲ್ಲ. ಐದು ವರ್ಷದ ನಂತರ "ಆ ಹಳೇ ಸೇತುವೆ ಎಲ್ಲಿತ್ತು, ಸಕಲೇಶಪುರದ ಹತ್ತಿರವಾ ಮೂಡಿಗೆರೆ ಹತ್ತಿರವಾ?" ಅಂತ ಮನೆಯಲ್ಲಿ ವಾದ ಎದ್ದಾಗ ಆ ಚೀಟಿಯೇ ತೀರ್ಪು ಕೊಡುತ್ತದೆ. ನಿಮ್ಮ ಪ್ರತಿಯಲ್ಲಿ ಇರಲಿ, ಕೊಡುವ ಪ್ರತಿಯಲ್ಲಿ ಬೇಡ. ಐಫೋನ್‌ನಲ್ಲಿ ಶೇರ್ ಒತ್ತಿದಾಗ ಮೇಲ್ಗಡೆ 'ಆಪ್ಷನ್ಸ್' ಅಂತ ಸಣ್ಣದಾಗಿ ಕಾಣುತ್ತದೆ, ಅದರೊಳಗೆ 'ಲೊಕೇಶನ್' ಆಫ್ ಮಾಡಿ. ಗೂಗಲ್ ಫೋಟೋಸ್‌ನ ಹಂಚಿದ ಆಲ್ಬಂನ ಆಯ್ಕೆಗಳಲ್ಲೂ ಫೋಟೋ ಲೊಕೇಶನ್ ತೋರಿಸುವ ಗುಂಡಿ ಇದೆ, ಅದನ್ನೂ ಆಫ್ ಮಾಡಿ. ಮನೆಯೊಳಗೆ ಮಕ್ಕಳ ಫೋಟೋ ತೆಗೆಯುವಾಗ ಮಾತ್ರ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಲೊಕೇಶನ್ ಆಫ್ ಇರಲಿ.

6. ಕಳಿಸುವ ದಾರಿ

ಈಗ ಮಸುಕಿನ ಪ್ರಶ್ನೆಗೆ ಬರೋಣ. ನಿಮ್ಮ ಫೋನಿನ 12 ಮೆಗಾಪಿಕ್ಸೆಲ್ ಫೋಟೋ ಅಂದರೆ ಉದ್ದಕ್ಕೆ ಸುಮಾರು 4,000, ಅಗಲಕ್ಕೆ 3,000 ಚುಕ್ಕಿಗಳು. ಈ ಚುಕ್ಕಿಗೇ ಪಿಕ್ಸೆಲ್ ಅನ್ನುವುದು. ವಾಟ್ಸಾಪ್ ಮಾಮೂಲಿಯಾಗಿ ಕಳಿಸುವಾಗ ಉದ್ದವನ್ನು ಸುಮಾರು 1,600 ಚುಕ್ಕಿಗೆ ಇಳಿಸುತ್ತದೆ. ಫೋನಿನಲ್ಲಿ ನೋಡಲು ಏನೂ ತೊಂದರೆ ಇಲ್ಲ. ಪ್ರಿಂಟ್ ಹಾಕಿಸುವಾಗ ಬಣ್ಣ ಬಯಲಾಗುತ್ತದೆ.

ನಮ್ಮ ಮನೆಯಲ್ಲೇ ಆದದ್ದು. ಅಜ್ಜಿ ತೀರಿಕೊಂಡಾಗ ಹನ್ನೆರಡನೇ ದಿನಕ್ಕೆ ಗೋಡೆಗೆ ಹಾಕುವ ಫೋಟೋ ಬೇಕಿತ್ತು. ಅವರು ನಕ್ಕಿದ್ದ ಒಂದೇ ಒಂದು ಫೋಟೋ ಒಂದು ಟ್ರಿಪ್‌ನ ಗ್ರೂಪ್ ಫೋಟೋ, ಹದಿನಾಲ್ಕು ಜನರ ನಡುವೆ. ಸಿಕ್ಕಿದ್ದು ವಾಟ್ಸಾಪ್ ಪ್ರತಿ. ಅದರಲ್ಲಿ ಅಜ್ಜಿಯ ಮುಖ ಅಡ್ಡಕ್ಕೆ 110 ಚುಕ್ಕಿ. ಚೆನ್ನಾಗಿ ಪ್ರಿಂಟ್ ಬರಬೇಕಿದ್ದರೆ ಒಂದು ಇಂಚಿಗೆ 300 ಚುಕ್ಕಿ ಬೇಕು, 150 ಇದ್ದರೂ ಹೇಗೋ ನಡೆಯುತ್ತದೆ. 110 ಚುಕ್ಕಿಯನ್ನು ಆರು ಇಂಚಿಗೆ ಹಿಗ್ಗಿಸಿದಾಗ ಬಂದದ್ದು ಮೇಣದ ಬೊಂಬೆಯ ಮುಖ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ತಿದ್ದಿ ಕೊಟ್ಟರು, ಚರ್ಮ ನುಣ್ಣಗಾಯಿತು, ಅಜ್ಜಿಯ ಮೂಗಿನ ಪಕ್ಕದ ಮಚ್ಚೆಯೇ ಹೋಯಿತು. ಮೂಲ ಫೋಟೋ ಇದ್ದ ಫೋನನ್ನು ಅಷ್ಟರಲ್ಲಿ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು.

ಆದ್ದರಿಂದ:

ಹತ್ತು-ಇಪ್ಪತ್ತು ಫೋಟೋ ಇದ್ದರೆ ವಾಟ್ಸಾಪ್ ಸಾಕು. ಫೋಟೋ ಆರಿಸಿದ ಮೇಲೆ, ಕಳಿಸುವ ಮುಂಚೆ, ಮೇಲೆ 'ಎಚ್‌ಡಿ' ಅಂತ ಇರುವುದನ್ನು ಒತ್ತಿ. 2023ರಿಂದ ಈ ಸೌಲಭ್ಯ ಇದೆ. ಪ್ರತಿ ಸಲ ಒತ್ತಲು ಬೇಜಾರಾದರೆ ಸೆಟ್ಟಿಂಗ್ಸ್ ಒಳಗೆ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮೀಡಿಯಾ ಅಪ್‌ಲೋಡ್ ಕ್ವಾಲಿಟಿ'ಗೆ ಹೋಗಿ ಎಚ್‌ಡಿ ಅಂತಲೇ ಇಟ್ಟುಬಿಡಿ. ಎಚ್‌ಡಿಯಲ್ಲೂ ಸ್ವಲ್ಪ ಒತ್ತುತ್ತದೆ, ಆದರೆ ಮನೆಯ ಆಲ್ಬಂಗೆ ಧಾರಾಳ ಸಾಕು. ಒಂದೆರಡು ಫೋಟೋ ಮೂಲದಲ್ಲೇ ಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ. 2 ಜಿಬಿವರೆಗಿನ ಫೈಲು ಹೋಗುತ್ತದೆ. ಐದನೇ ಹಂತದಲ್ಲಿ ಹೇಳಿದ್ದನ್ನು ಮರೆಯಬೇಡಿ.

ನೂರಾರು ಫೋಟೋ, ಬೇರೆ ಬೇರೆ ಊರಿನವರು ಅಂದರೆ ಹಂಚಿದ ಆಲ್ಬಂ ಮಾಡಿ. ಗೂಗಲ್ ಫೋಟೋಸ್‌ನಲ್ಲಿ ಹೊಸ ಆಲ್ಬಂ ತೆರೆದು, ಊರು-ತಿಂಗಳು-ವರ್ಷದ ಹೆಸರಿಟ್ಟು, ಆರಿಸಿದ ಫೋಟೋ ಸೇರಿಸಿ, ಶೇರ್ ಒತ್ತಿ. ಅಮೆರಿಕದ ಅಕ್ಕ ಐಫೋನ್ ಇಟ್ಟುಕೊಂಡಿದ್ದರೂ ಲಿಂಕ್ ಒತ್ತಿ ನೋಡಬಹುದು. ಲಿಂಕ್ ಅಂದರೆ ಆಲ್ಬಂನ ಬೀಗದ ಕೈ ಇದ್ದ ಹಾಗೆ. ಅದು ಯಾರ ಕೈಗೆ ಹೋದರೂ ಬಾಗಿಲು ತೆರೆಯುತ್ತದೆ. ಅಕ್ಕ ಅದನ್ನು ತನ್ನ ಗೆಳತಿಯರ ಗ್ರೂಪ್‌ಗೆ ಹಾಕಿದರೆ ಅವರೂ ನೋಡುತ್ತಾರೆ. ಹಾಗಾಗಿ ಸಾಧ್ಯವಾದರೆ ಲಿಂಕ್ ಬದಲು ಜೀಮೇಲ್ ವಿಳಾಸ ಹಾಕಿ ಒಬ್ಬೊಬ್ಬರನ್ನೇ ಸೇರಿಸಿ. ಲಿಂಕ್ ಕೊಟ್ಟೇ ಆಗಬೇಕು ಅಂದರೆ ಒಂದು ತಿಂಗಳು ಬಿಟ್ಟು ಅದನ್ನು ಆಫ್ ಮಾಡಿ. ಕ್ಯಾಲೆಂಡರ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಖಂಡಿತ ಮರೆಯುತ್ತೀರಿ.

ನೋಡುವವರಿಗೂ ಒಂದು ಮಾತು ಹೇಳಿಬಿಡಿ: ಇಷ್ಟವಾದದ್ದನ್ನು ಈಗಲೇ ನಿಮ್ಮ ಖಾತೆಗೆ ಉಳಿಸಿಕೊಳ್ಳಿ. ಹಂಚಿದವರು ತಮ್ಮ ಕಡೆ ಫೋಟೋ ಅಳಿಸಿದರೆ ಆಲ್ಬಂನಿಂದಲೂ ಅದು ಮಾಯವಾಗುತ್ತದೆ.

ಮನೆಯಲ್ಲಿ ಎಲ್ಲರದ್ದೂ ಐಫೋನ್ ಆಗಿದ್ದರೆ ಐಕ್ಲೌಡ್‌ನ ಹಂಚಿದ ಆಲ್ಬಂ ಸಲೀಸು, ಆದರೆ ಅದು ಫೋಟೋವನ್ನು ಉದ್ದಕ್ಕೆ 2,048 ಚುಕ್ಕಿಗೆ ಇಳಿಸುತ್ತದೆ. ನೋಡಲು ಚೆಂದ, ದೊಡ್ಡ ಪ್ರಿಂಟ್‌ಗೆ ಸಾಲದು.

ಎಲ್ಲರೂ ಒಂದೇ ರೂಮಿನಲ್ಲಿ ಕುಳಿತಿದ್ದರೆ ಇಂಟರ್ನೆಟ್ಟೇ ಬೇಡ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ 'ಕ್ವಿಕ್ ಶೇರ್', ಐಫೋನ್‌ನಿಂದ ಐಫೋನ್‌ಗೆ 'ಏರ್‌ಡ್ರಾಪ್'. ಮೂಲ ಗುಣಮಟ್ಟದಲ್ಲೇ ಹೋಗುತ್ತದೆ. ಹೋಮ್‌ಸ್ಟೇಯಲ್ಲಿ ನೆಟ್‌ವರ್ಕ್ ಸಿಗದ ರಾತ್ರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕೆಲಸ ಮುಗಿದ ಮೇಲೆ 'ಎಲ್ಲರಿಂದಲೂ ಸ್ವೀಕರಿಸು' ಅನ್ನುವುದನ್ನು ಆಫ್ ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಏನೇನೋ ಕಳಿಸಬಾರದು.

ಐಫೋನ್ ಫೋಟೋ ಊರಿನ ಸ್ಟುಡಿಯೋದಲ್ಲಿ ತೆರೆಯಲಿಲ್ಲ ಅನ್ನುವ ದೂರೂ ಆಗಾಗ ಬರುತ್ತದೆ. ಐಫೋನ್ 2017ರಿಂದ 'ಹೆಚ್‌ಇಐಸಿ' ಅನ್ನುವ ಬೇರೆ ನಮೂನೆಯಲ್ಲಿ ಫೋಟೋ ಉಳಿಸುತ್ತದೆ, ಹಳೇ ಕಂಪ್ಯೂಟರುಗಳಿಗೆ ಅದು ಗೊತ್ತಾಗುವುದಿಲ್ಲ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದಿನ ಫೋಟೋಗಳು ಮಾಮೂಲಿ ಜೆಪೆಗ್ ಆಗಿ ಬರುತ್ತವೆ.

7. ಕಾಡಿನ ಫೋಟೋ, ಬೆಟ್ಟದ ಫೋಟೋ

ಇಲ್ಲಿ ಮುಜುಗರಕ್ಕೆ ಸಿಕ್ಕಿಕೊಳ್ಳುವವರು ನೀವಲ್ಲ. ಫೋಟೋದಲ್ಲಿರುವ ಜೀವಕ್ಕೆ ಮಾತು ಬರುವುದಿಲ್ಲ, ಅದನ್ನು ಕೇಳಿ ಹಾಕಲೂ ಆಗುವುದಿಲ್ಲ.

ಕಬಿನಿ ಸಫಾರಿಯಲ್ಲಿ ಕಂಡ ಹುಲಿಯ ಫೋಟೋ ಹಾಕಿ, ತಕರಾರಿಲ್ಲ. "ಕಬಿನಿ" ಅಂದರೆ ಸಾಕು. ಯಾವ ಹಳ್ಳದ ತಿರುವು, ಎಷ್ಟು ಗಂಟೆ ಅಂತ ಅದೇ ದಿನ ಬರೆಯಬೇಡಿ. ಹಕ್ಕಿಯ ಗೂಡಿನ ಫೋಟೋ ಸಿಕ್ಕರೂ ಹಾಕದಿರುವುದೇ ಒಳ್ಳೆಯದು. ಒಬ್ಬರು ಹಾಕಿದರೆ ಮರುವಾರ ಹತ್ತು ಕ್ಯಾಮೆರಾ ಅಲ್ಲಿ ನಿಲ್ಲುತ್ತವೆ, ತಾಯಿ ಹಕ್ಕಿ ಗೂಡು ಬಿಟ್ಟು ದೂರ ಕೂರುತ್ತದೆ, ಮರಿ ಬಿಸಿಲಿಗೆ ಒಣಗುತ್ತದೆ.

ಊರಾಚೆ ಬಯಲಿನಲ್ಲಿ ನಕ್ಷತ್ರ ಆಮೆಯೋ, ಜನ ಎರಡು ತಲೆ ಹಾವು ಅನ್ನುವ ಮಣ್ಣುಮುಕ್ಕ ಹಾವೋ ಕಂಡಿತು ಅನ್ನಿ. ಮಗು ಖುಷಿಯಿಂದ ಫೋಟೋ ತೆಗೆದಿದೆ. ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು. ಅದೃಷ್ಟ ತರುತ್ತವೆ, ನಿಧಿ ತೋರಿಸುತ್ತವೆ ಅಂತ ನಂಬಿಸಿ ಕದ್ದು ಮಾರುವವರು ಇದ್ದಾರೆ. ಊರಿನ ಹೆಸರು ಹಾಕಿದರೆ ಅವರಿಗೆ ನೀವೇ ದಾರಿ ತೋರಿಸಿದ ಹಾಗೆ. ಜಿಲ್ಲೆಯ ಹೆಸರನ್ನೂ ಬರೆಯದೆ ಬರೀ "ಬಯಲುಸೀಮೆ" ಅನ್ನಿ.

ನೋಡಿದ್ದನ್ನು ದಾಖಲಿಸುವ ಆಸೆ ಇದ್ದವರಿಗೆ ಐನ್ಯಾಚುರಲಿಸ್ಟ್ (ಎಲ್ಲ ಜೀವಿಗಳಿಗೆ), ಇ-ಬರ್ಡ್ (ಹಕ್ಕಿಗಳಿಗೆ) ಅನ್ನುವ ಸೈಟುಗಳು ಒಳ್ಳೆಯ ಜಾಗಗಳು. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು 'ಅಬ್‌ಸ್ಕ್ಯೂರ್ಡ್' ಅಂತ ಇಟ್ಟರೆ ಸುಮಾರು 20 ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ಚುಕ್ಕಿ ತೋರಿಸುತ್ತದೆ, ನಿಜವಾದ ಜಾಗ ಹೊರಗೆ ಕಾಣುವುದಿಲ್ಲ. ಅಪಾಯದಲ್ಲಿರುವ ಎಷ್ಟೋ ಜೀವಿಗಳಿಗೆ ಅದು ತಾನಾಗಿಯೇ ಹೀಗೆ ಮಾಡುತ್ತದೆ. ಇ-ಬರ್ಡ್ ಕೂಡ ಸೂಕ್ಷ್ಮ ಅಂತ ಗುರುತಿಸಿದ ಹಕ್ಕಿಗಳ ಜಾಗವನ್ನು ಮರೆಮಾಡುತ್ತದೆ.

ಬೆಟ್ಟ, ಜಲಪಾತಗಳ ಕಥೆ ಸ್ವಲ್ಪ ಬೇರೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರಪರ್ವತದಲ್ಲಿ ಜನ ಜಾತ್ರೆಯ ಥರ ಸಾಲುಗಟ್ಟಿದ್ದ ಫೋಟೋ ನೀವೂ ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಜೋಗ, ಮುಳ್ಳಯ್ಯನಗಿರಿಯ ಹೆಸರು ಬರೆದರೆ ಹೊಸದಾಗಿ ಏನೂ ಆಗುವುದಿಲ್ಲ. ಆದರೆ ತೋಟದ ಮಾಲೀಕರು ವಿಶ್ವಾಸದಿಂದ ತೋರಿಸಿದ ಸಣ್ಣ ಅಬ್ಬಿ ಇರುತ್ತದಲ್ಲ, ಕಾಲುದಾರಿಯೂ ಸರಿಯಾಗಿ ಇಲ್ಲದ್ದು, ಅದಕ್ಕೆ ಮ್ಯಾಪ್ ಗುರುತು ಹಾಕಬೇಡಿ. ಮುಂದಿನ ಮಳೆಗಾಲಕ್ಕೆ ಅಲ್ಲಿ ಚಿಪ್ಸ್ ಪ್ಯಾಕೆಟ್ ತೇಲುತ್ತವೆ, ತೋಟದವರು ಗೇಟಿಗೆ ಬೀಗ ಹಾಕುತ್ತಾರೆ.

ಬಂಡೀಪುರದ ರಸ್ತೆಯಲ್ಲಿ ಕಾರಿನಿಂದ ಇಳಿದು ಆನೆಯನ್ನು ಹಿಂದೆ ಇಟ್ಟುಕೊಂಡ ಸೆಲ್ಫಿ ಇದೆಯಾ? ಅದನ್ನು ಹಂಚುವುದು ಅಂದರೆ ತಪ್ಪೊಪ್ಪಿಗೆಗೆ ಸಹಿ ಹಾಕಿ ಕೊಟ್ಟ ಹಾಗೆ. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಹೀಗೆ ಓಡಾಡಿದ ವಿಡಿಯೋ ನೋಡಿ ದಂಡ ಹಾಕಿದ್ದೂ ಉಂಟು.

8. ಮಕ್ಕಳ ಫೋಟೋ

ನಾನು ಪಾಲಿಸುವುದು ಮೂರು ನಿಯಮ. ಸ್ನಾನದ, ಅರೆಬಟ್ಟೆಯ ಫೋಟೋ ಯಾವ ಗ್ರೂಪ್‌ಗೂ ಹೋಗುವುದಿಲ್ಲ, ಅಜ್ಜ-ಅಜ್ಜಿ ಇರುವ ಗ್ರೂಪ್‌ಗೂ ಇಲ್ಲ. ಮನೆಯ ಗ್ರೂಪ್‌ನಿಂದ ಫಾರ್ವರ್ಡ್ ಆಗಲು ಒಂದು ಬೆರಳು ಸಾಕು. ಎರಡನೆಯದು, ಶಾಲೆಯ ಸಮವಸ್ತ್ರ, ಕುತ್ತಿಗೆಯ ಗುರುತಿನ ಚೀಟಿ, ಶಾಲಾ ವ್ಯಾನು ಕಾಣುವ ಫೋಟೋ ಊರಿಗೆಲ್ಲ ಕಾಣುವ ಕಡೆ ಬೇಡ. ಮಗುವಿನ ಮುಖ, ಹೆಸರು, ಶಾಲೆ ಮೂರೂ ಒಂದೇ ಕಡೆ ಸಿಕ್ಕರೆ "ನಿಮ್ಮಪ್ಪ ಕಳಿಸಿದ್ದಾರೆ ಬಾ" ಅನ್ನುವವನಿಗೆ ಕೆಲಸ ಸುಲಭ. ಮೂರನೆಯದು, ಎಂಟು-ಒಂಬತ್ತು ವರ್ಷ ದಾಟಿದ ಮಕ್ಕಳನ್ನು ಕೇಳಿಯೇ ಹಾಕುವುದು. ಬೇಡ ಅಂದರೆ ಬೇಡ.

ಬೇರೆಯವರ ಮಕ್ಕಳು ಫೋಟೋದಲ್ಲಿದ್ದರೆ ಅವರ ಅಪ್ಪ-ಅಮ್ಮನನ್ನು ಕೇಳಿ. ಹುಟ್ಟುಹಬ್ಬದ ಫೋಟೋಗಳಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ.

ಅಜ್ಜ-ಅಜ್ಜಿಯರಿಗೆ ಈ ನಿಯಮ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ. "ಹಾಕಬೇಡಿ" ಅಂದರೆ ಕೋಪ ಬರುತ್ತದೆ. "ಈ ಐದು ಹಾಕಿ" ಅಂತ ಆರಿಸಿ ಕೊಟ್ಟರೆ ಖುಷಿಯಿಂದ ಅದನ್ನೇ ಹಾಕುತ್ತಾರೆ.

9. ಸ್ಟೇಟಸ್‌ಗೆ ಯಾವಾಗ?

ವಾಪಸ್ ಬಂದ ಮೇಲೆ. ಹತ್ತು ದಿನ ಮನೆಗೆ ಬೀಗ ಅಂತ ಊರಿಗೆಲ್ಲ ಹೇಳುವುದು ಬೇಡ, ಅಲ್ವಾ? ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಒಮ್ಮೆ ತೆರೆದು ನೋಡಿ. ಗ್ಯಾಸ್ ತರುವವರು, ಹಳೇ ಮನೆ ಮಾಲೀಕರು, ಸೋಫಾ ಕೊಂಡುಕೊಂಡು ಹೋದವರು, ಯಾವುದೋ ಪ್ಲಂಬರ್. ಅವರೂ ನಿಮ್ಮ ನಂಬರ್ ಉಳಿಸಿಕೊಂಡಿದ್ದರೆ ನಿಮ್ಮ ಸ್ಟೇಟಸ್ ಅವರಿಗೂ ಕಾಣುತ್ತದೆ. ಸ್ಟೇಟಸ್ ಪ್ರೈವೆಸಿಯಲ್ಲಿ 'ಓನ್ಲಿ ಶೇರ್ ವಿತ್' ಆರಿಸಿ ಹತ್ತಿರದವರ ಹೆಸರಷ್ಟೇ ಗುರುತು ಮಾಡಿ. ಇನ್‌ಸ್ಟಾಗ್ರಾಂನಲ್ಲಿ ಇದೇ ಕೆಲಸಕ್ಕೆ 'ಕ್ಲೋಸ್ ಫ್ರೆಂಡ್ಸ್' ಇದೆ.

ತಪ್ಪು ಗ್ರೂಪ್‌ಗೆ ಹೋಯಿತು ಅನ್ನಿ. ವಾಟ್ಸಾಪ್‌ನಲ್ಲಿ ಸುಮಾರು ಎರಡು ದಿನದೊಳಗೆ 'ಡಿಲೀಟ್ ಫಾರ್ ಎವ್ರಿವನ್' ಮಾಡಬಹುದು. ಗಡಿಬಿಡಿಯಲ್ಲಿ 'ಡಿಲೀಟ್ ಫಾರ್ ಮಿ' ಒತ್ತುವವರೇ ಜಾಸ್ತಿ. ಹಾಗಾದರೆ ಕೆಳಗೆ ಕೆಲವು ಸೆಕೆಂಡು 'ಅನ್‌ಡು' ಕಾಣುತ್ತದೆ, ತಕ್ಷಣ ಒತ್ತಿ, ಮತ್ತೆ ಸರಿಯಾದದ್ದನ್ನು ಆರಿಸಿ. ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಕೈಮೀರಿತು. ಯಾರಾದರೂ ನಿಮ್ಮ ಫೋಟೋ ತಿರುಚಿ ಬೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಥವಾ ಹತ್ತಿರದ ಠಾಣೆಗೆ ಹೋಗಿ. ದುಡ್ಡು ಕೊಟ್ಟು ಬಾಯಿ ಮುಚ್ಚಿಸಲು ನೋಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ.

10. ಹೆಸರು ಬರೆದು, ಒಂದಿಷ್ಟು ಪ್ರಿಂಟ್ ಹಾಕಿಸಿ

ವಾಟ್ಸಾಪ್‌ನಿಂದ ಇಳಿಸಿಕೊಂಡ ಫೋಟೋದ ಫೈಲ್ ಹೆಸರನ್ನು ಆಂಡ್ರಾಯ್ಡ್ ಫೋನಿನಲ್ಲಿ ನೋಡಿ. ಕೊನೆಗೆ 'ಡಬ್ಲ್ಯುಎ' ಅಂತ ಒಂದು ನಂಬರ್, ಅದರ ಹಿಂದೆ ಒಂದು ದಿನಾಂಕ ಇರುತ್ತದೆ. ಆ ದಿನಾಂಕ ಫೋಟೋ ತೆಗೆದ ದಿನದ್ದಲ್ಲ, ನಿಮಗೆ ಬಂದ ದಿನದ್ದು. ಮಾವ ಮೂರು ವರ್ಷದ ಹಿಂದಿನ ಮದುವೆ ಫೋಟೋ ಮೊನ್ನೆ ಕಳಿಸಿದರೆ, ನಿಮ್ಮ ಗ್ಯಾಲರಿಯಲ್ಲಿ ಆ ಮದುವೆ ಮೊನ್ನೆ ನಡೆದ ಹಾಗೆ ಕೂರುತ್ತದೆ. ಆದ್ದರಿಂದ ಕಳಿಸುವಾಗಲೇ ಜೊತೆಗೆ ಒಂದು ಸಾಲು ಬರೆಯಿರಿ: ಎಲ್ಲಿ, ಯಾವಾಗ, ಎಡದಿಂದ ಬಲಕ್ಕೆ ಯಾರು ಯಾರು. "ಹ್ಯಾಪಿ ಮೊಮೆಂಟ್ಸ್" ಅಂತ ಬರೆದರೆ ಇಪ್ಪತ್ತು ವರ್ಷದ ನಂತರ ಯಾರಿಗೂ ಏನೂ ತಿಳಿಯುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆ ಫೋಟೋ ಫೈಲಿನೊಳಗೆ ಸೇರುವುದಿಲ್ಲ ಅನ್ನುವುದೂ ತಿಳಿದಿರಲಿ. ಬೇರೆ ಕಡೆ ಸಾಗಿಸುವಾಗ ಆ ಬರಹ ಜೊತೆಗೆ ಬರದೇ ಹೋಗಬಹುದು. ನಾನು ಆಲ್ಬಂನ ಫೋಲ್ಡರ್‌ನಲ್ಲೇ ಒಂದು ಸಣ್ಣ ಟೆಕ್ಸ್ಟ್ ಫೈಲ್ ಇಟ್ಟು ಅದರಲ್ಲಿ ಹೆಸರುಗಳನ್ನು ಬರೆದಿಡುತ್ತೇನೆ.

ಕೊನೆಗೆ ಪ್ರಿಂಟು. ಫೋನು ನೋಡಲು ಬಾರದ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. 40ರಲ್ಲಿ ಹನ್ನೆರಡು ಆರಿಸಿ 4×6 ಇಂಚಿನಲ್ಲಿ ಹಾಕಿಸಿ. ಈ ಅಳತೆಗೆ 1,800 × 1,200 ಚುಕ್ಕಿ ಸಾಕು, 12×18ಕ್ಕೆ 5,400 × 3,600 ಬೇಕು. ಸ್ಟುಡಿಯೋಗೆ ಪೆನ್‌ಡ್ರೈವ್ ಒಯ್ಯುವುದಾದರೆ ಪ್ರಿಂಟ್ ಹಾಕಿಸುವ ಹನ್ನೆರಡು ಫೋಟೋ ಬಿಟ್ಟು ಅದರಲ್ಲಿ ಬೇರೇನೂ ಇರಬಾರದು. ಅಲ್ಲಿನ ಕಂಪ್ಯೂಟರಿಗೆ ಪ್ರತಿ ಹಾಕಿಕೊಂಡಿದ್ದರೆ ಅಳಿಸಿ ಅಂತ ಕೇಳಿ. ಅಳತೆ ಹೇಳುವಾಗ "ಕ್ರಾಪ್ ಮಾಡಬೇಡಿ, ಬಿಳಿ ಅಂಚು ಬಂದರೂ ಪರವಾಗಿಲ್ಲ" ಅನ್ನಿ. ಫೋನಿನ ಫೋಟೋ ಆಕಾರ 4:3, ಕಾಗದ 3:2. ಹೇಳದಿದ್ದರೆ ಮೇಲಿನ ಸಾಲಿನಲ್ಲಿ ನಿಂತ ಉದ್ದನೆಯವರ ತಲೆ ಹೋಗುತ್ತದೆ.

ಪ್ರಿಂಟಿನ ಹಿಂದೆ ಹೆಸರು ಬರೆಯುವಾಗ ಬಾಲ್‌ಪೆನ್ನು ಬೇಡ, ಒತ್ತಿದ ಗೆರೆ ಮುಂದೆ ಮುಖದ ಮೇಲೆ ಮೂಡುತ್ತದೆ. ಸಿಡಿ ಮೇಲೆ ಬರೆಯುವ ತೆಳು ಮಾರ್ಕರ್ ತೆಗೆದುಕೊಂಡು ಅಂಚಿನಲ್ಲಿ ಹಗುರವಾಗಿ ಬರೆಯಿರಿ, ಐದು ನಿಮಿಷ ಒಣಗಲು ಬಿಡಿ, ಆಮೇಲೆ ಒಂದರ ಮೇಲೊಂದು ಜೋಡಿಸಿ.